ಆಕ್ಷೇಪಣೆ ಇಲ್ಲವೆಂದು ಬರೆದುಕೊಂಡವನು

ಕೌಂಟಿ ಮಂಡಳಿಯ ಅಧ್ಯಕ್ಷರೇ,

ಏಪ್ರಿಲ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಟರ್ನಿ ವೆಲ್ಸ್ ಊರಿನ ಸಭಾಂಗಣದಲ್ಲಿ ತಾವು ನಡೆಸಿದ ವಿಚಾರಣೆಯ ನಡಾವಳಿಯಲ್ಲಿ 'ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಬಂದಿಲ್ಲ' ಎಂಬ ಸಾಲೊಂದಿದೆ. ಊರಿನ ಪಶ್ಚಿಮದ ಉಪ್ಪುಬಯಲಿನಲ್ಲಿ ಡೇಟಾ ಸೆಂಟರ್ ಕಟ್ಟುವ ಕಂಪನಿಗೆ, ಅದರ ಕಂಪ್ಯೂಟರುಗಳನ್ನು ತಂಪಾಗಿಡುವ ನೀರಿಗಾಗಿ, ಆರು ಕೊಳವೆಬಾವಿ ಕೊರೆಯಲು ತಾವು ಅನುಮತಿ ಕೊಟ್ಟದ್ದು ಆ ಸಾಲಿನ ಬಲದ ಮೇಲೆ. ಆ ಸಾಲನ್ನು ಹೊಡೆದುಹಾಕಿ ವಿಚಾರಣೆಯನ್ನು ಮತ್ತೆ ನಡೆಸಬೇಕೆಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಮರುವಿಚಾರಣೆಗೆ ಕಾನೂನು ಕೊಟ್ಟ ಅರವತ್ತು ದಿನಗಳಲ್ಲಿ ಇನ್ನು ಹದಿನಾರು ಉಳಿದಿವೆ.

ಆ ಸಾಲನ್ನು ಅಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನೂ ಬರೆದುಕೊಂಡಿದ್ದೆ. ಹಾಗಾಗಿ ಈ ದೂರಿನ ಒಂದು ಪಾಲು ನನ್ನ ಮೇಲೇ ಇದೆ ಎಂದು ತಿಳಿದು ಓದಬೇಕು.

'ಟರ್ನಿ ವೆಲ್ಸ್ ಮೆಸೆಂಜರ್' ವಾರಪತ್ರಿಕೆ ಮುಚ್ಚಿ ಮೂರು ವರ್ಷವಾಯಿತು. ಅದರ ಕೊನೆಯ ಸಂಪಾದಕ ನಾನು. ಕೊನೆಯ ವರದಿಗಾರ, ಕರಡು ತಿದ್ದುವವ, ಕಸ ಗುಡಿಸುವವ ಕೂಡ. ಮುಚ್ಚಿದ ದಿನ ಜನ ಸಾವಿನ ಮನೆಗೆ ತರುವಂತೆ ಮುಚ್ಚಿದ ಪಾತ್ರೆಗಳಲ್ಲಿ ಊಟ ತಂದರು. ಸ್ವಲ್ಪ ಹೊತ್ತು ಕೂತು, ಬೇರೆ ವಿಷಯ ಮಾತಾಡಿ ಎದ್ದುಹೋದರು. ಎರಡು ವಾರದ ನಂತರ ತಮ್ಮ ಕಚೇರಿಯಿಂದ ಫೋನ್ ಬಂತು. ಸಾರ್ವಜನಿಕ ಪ್ರಕಟಣೆಗಳನ್ನು ಕೌಂಟಿಯೊಳಗಿನ ಒಂದು ಪತ್ರಿಕೆಯಲ್ಲಿ ಮೂರು ವಾರ ಅಚ್ಚು ಹಾಕಲೇಬೇಕಂತೆ, ಪತ್ರಿಕೆಯೇ ಇಲ್ಲವೆಂದರೆ ಕೆಲಸಗಳೆಲ್ಲ ನಿಲ್ಲುತ್ತವಂತೆ.

"ಒಂದು ಹಾಳೆ ಸಾಕು ಆರ್ಲನ್. ಮೇಲೆ ಪತ್ರಿಕೆ ಹೆಸರಿದ್ರೆ ಆಯ್ತು," ಎಂದರು ತಮ್ಮ ಗುಮಾಸ್ತರು.

"ಸುದ್ದಿ?"

"ಸುದ್ದಿ ಯಾಕೆ? ಪ್ರಕಟಣೆ ಹಾಕು, ಸಾಕು."

"ಓದೋರು ಯಾರ್ರೀ?"

"ಓದೋರ ಬಗ್ಗೆ ಕಾನೂನಲ್ಲಿ ಏನೂ ಇಲ್ಲವಲ್ಲ."

ನಾನು ಒಪ್ಪಿಕೊಂಡೆ. ಯಾಕೆಂದು ಆಗ ಯಾರೂ ಕೇಳಲಿಲ್ಲ, ಈಗ ಕೇಳಿದರೆ ಹೇಳುವುದು ಕಷ್ಟ. ಇಪ್ಪತ್ತಾರು ವರ್ಷ ಗುರುವಾರ ಬೆಳಿಗ್ಗೆ ಎದ್ದರೆ ಮಾಡಲು ಏನೋ ಇರುತ್ತಿತ್ತು. ಅದು ಇಲ್ಲದ ಮೊದಲ ಗುರುವಾರ ನಾನು ಕಾಫಿ ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದೆ. ಅದು ತಣ್ಣಗಾಗುವವರೆಗೂ ನಿಂತಿದ್ದೆ ಎಂದಷ್ಟೇ ನೆನಪಿದೆ.

ಹೀಗೆ ಜಗತ್ತಿನಲ್ಲೇ ಅತ್ಯಂತ ವಿಧೇಯವಾದ ಪತ್ರಿಕೆ ಹುಟ್ಟಿತು. ವಾರಕ್ಕೆ ನಲವತ್ತು ಪ್ರತಿ. ಮೂರು ತಮ್ಮ ಕಚೇರಿಗೆ, ಎರಡು ಗ್ರಂಥಾಲಯಕ್ಕೆ, ಒಂದು ನ್ಯಾಯಾಲಯಕ್ಕೆ, ಹತ್ತೊಂಬತ್ತು ಅಂಚೆಯಲ್ಲಿ ದೂರದ ನಗರಗಳ ವಕೀಲರಿಗೆ. ಉಳಿದ ಹದಿನೈದನ್ನು ನಾನು ಶನಿವಾರ ಉಪ್ಪುಬಯಲಿನ ಅಂಚಿನಲ್ಲಿರುವ ದೆಲ್ಫೀನಾ ಒರೋಸ್ಕೊ ಅವರ ಮನೆಗೆ ಕೊಂಡೊಯ್ದು ಕೊಡುತ್ತೇನೆ. ಅವರು ಅವನ್ನು ಕೋಳಿಗೂಡಿನ ತಟ್ಟೆಗೆ ಹಾಸುತ್ತಾರೆ. ಬದಲಿಗೆ ಆರು ಮೊಟ್ಟೆ ಕೊಡುತ್ತಾರೆ. ಮೆಸೆಂಜರ್ ಪತ್ರಿಕೆಗೆ ಬರುತ್ತಿರುವ ಏಕೈಕ ಪ್ರತಿಕ್ರಿಯೆ ಅದು.

ಕಂಪನಿಯ ನೀರಿನ ಪ್ರಕಟಣೆಯೂ ಹೀಗೇ ಅಚ್ಚಾಯಿತು. ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ, ಭೂಮಾಪನದ ಸಂಖ್ಯೆಗಳಲ್ಲಿ, ಇದು ನಮ್ಮ ಮನೆಯ ಬೇಲಿಯಾಚೆಯ ಜಾಗವೆಂದು ಆ ಮನೆಯವರಿಗೇ ಗುರುತು ಸಿಗದ ಹಾಗೆ. ಮೂರು ವಾರವೂ ನಾನದನ್ನು ಗಮನವಿಟ್ಟು ಓದಿದೆ, ಅಕ್ಷರದೋಷಗಳಿಗಾಗಿ. ಒಂದೂ ಇರಲಿಲ್ಲ.

ಇನ್ನು ವಿಚಾರಣೆಯ ದಿನ. ಮೂವತ್ತಾರು ಮಡಿಸುವ ಕುರ್ಚಿಗಳನ್ನು ಯಾರೋ ಸಾಲಾಗಿ ಹಾಕಿದ್ದರು. ಒಂದರಲ್ಲೂ ಜನವಿಲ್ಲ. ಎಡಗಡೆ, ಬಾವುಟದ ಕೆಳಗೆ, ಪತ್ರಕರ್ತರ ಮೇಜಿನ ಹಿಂದೆ ನಾನಿದ್ದೆ. ನನಗೆ ಈ ಕೆಲಸ ಕಲಿಸಿದ ಹೇಜಲ್ ಟ್ರಿಂಬಲ್ ಆ ಮೇಜಿನ ಬಗ್ಗೆ ಒಂದು ನಿಯಮ ಇಟ್ಟಿದ್ದರು: "ಅದರ ಹಿಂದೆ ಕೂತ ಮೇಲೆ ನಿನಗೆ ಊರಿಲ್ಲ, ನೆಂಟರಿಲ್ಲ, ಬಾಯಿಲ್ಲ. ಕೈ ಎತ್ತಿದ್ಯೋ, ನಾಳೆಯಿಂದ ಬರಬೇಡ." ನಾನೆಂದೂ ಕೈ ಎತ್ತಿಲ್ಲ. ನನ್ನ ಬೀದಿಗೆ ದೀಪ ಬೇಡವೆಂದು ಮಂಡಳಿ ತೀರ್ಮಾನಿಸಿದ ದಿನವೂ ಅದನ್ನು ಬರೆದುಕೊಂಡು, ಮನೆಗೆ ಟಾರ್ಚ್ ಹಿಡಿದು ಹೋದೆ.

ತಾವು ಖಾಲಿ ಕುರ್ಚಿಗಳ ಕಡೆ ನೋಡಿ ಕೇಳಿದಿರಿ: "ಸಾರ್ವಜನಿಕರು ಯಾರಾದ್ರೂ ಮಾತಾಡೋರಿದ್ದೀರಾ?" ಕಾನೂನು ಹೇಳಿದಷ್ಟು ಹೊತ್ತು ಕಾದಿರಿ. ಆಮೇಲೆ ನನ್ನ ಕಡೆ ತಿರುಗಿ, "ಏನಪ್ಪಾ ಆರ್ಲನ್, ಇವತ್ತು ನಿನಗೆ ಬರೆಯೋಕೇನೂ ಸಿಗ್ಲಿಲ್ಲ ಪಾಪ," ಎಂದು ನಕ್ಕಿರಿ. ನಾನೂ ನಕ್ಕೆ. ಆಕ್ಷೇಪಣೆ ಇಲ್ಲವೆಂದು ಬರೆದುಕೊಂಡೆ. ಹೊರಗೆ ಬಂದು ಗಾಡಿಯ ಬಾಗಿಲು ತೆರೆಯುವಾಗ ಹೊಳೆಯಿತು: ನಾನು ಅದನ್ನು ಬರೆದುಕೊಂಡದ್ದು ಯಾವ ಪತ್ರಿಕೆಗೆ?

ಮುಂದಿನ ತಿಂಗಳು ಬಾವಿ ಕೊರೆಯುವ ಲಾರಿ ಬಂತು. ಅರವತ್ತು ದಿನ ಮುಗಿಯಲೆಂದು ಕಾಯುತ್ತ ಅದು ದೆಲ್ಫೀನಾ ಅವರ ಬೇಲಿಯಾಚೆ ನಿಂತಿದೆ, ಅವರ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಎಪ್ಪತ್ತೊಂದು ವರ್ಷದ ಅವರಿಗೆ ಎಂಟು ಮೇಕೆ, ಎರಡು ದಾಳಿಂಬೆ ಗಿಡ ಮತ್ತು ಗಂಡ ತೋಡಿಸಿದ, ಈಗಲೇ ಬೇಸಿಗೆಯಲ್ಲಿ ಕೆಮ್ಮುತ್ತ ನೀರು ಕೊಡುವ ಒಂದೇ ಬಾವಿ ಇದೆ.

"ಆ ಗಾಡಿ ಯಾರದೋ ಆರ್ಲನ್?"

"ಡೇಟಾ ಸೆಂಟರಿನದು, ದೆಲ್ಫೀನಾ ಅಮ್ಮಾ. ಮಂಜೂರಾಯ್ತಲ್ಲ. ಪೇಪರಲ್ಲಿ ಹಾಕಿದ್ದೆ."

"ಯಾವ ಪೇಪರು? ನಿನ್ನ ಪೇಪರು ಸತ್ತು ಮೂರು ವರ್ಷ ಆಯ್ತು. ನಾನೇ ಕಾಳು ಬೇಯಿಸ್ಕೊಂಡು ಬಂದಿರಲಿಲ್ವೇನೋ?"

ನಾನು ಕೋಳಿಗೂಡಿನ ಕಡೆ ನೋಡಿದ್ದಿರಬೇಕು. ಅವರು ಹೋಗಿ ತಟ್ಟೆಯಿಂದ ಹಾಳೆಯೊಂದನ್ನು ತುದಿಯಲ್ಲಿ ಹಿಡಿದು ತಂದರು. "ಓಹೋ, ಕೋಳಿಗಳಿಗೆ ನೋಟಿಸು ಸರಿಯಾಗೇ ಮುಟ್ಟಿದೆ. ಅವುಗಳ ಆಕ್ಷೇಪಣೆನೂ ಇದರ ಮೇಲೇ ಇದೆ, ಓದ್ಕೋ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ಸಭೆಗೆ ಯಾರ್ಯಾರು ಹೋಗಿದ್ರು?"

"ಯಾರೂ ಇರಲಿಲ್ಲ."

"ನೀನು?"

"ನಾನಿದ್ದೆ."

"ಇದ್ದೆ ಅಂತೀಯ, ಯಾರೂ ಇರಲಿಲ್ಲ ಅಂತೀಯ. ಯಾವುದು ನಿಜ?" ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಮೊಟ್ಟೆ ತಂದು ಕೊಟ್ಟರು. ಆರೂ ಇದ್ದವು.

ಅಧ್ಯಕ್ಷರೇ, ಡೇಟಾ ಸೆಂಟರೇ ಬೇಡವೆಂದು ನಾನು ಹೇಳುತ್ತಿಲ್ಲ. ಹೋಟೆಲಿನಲ್ಲಿ ಈಗ ದಿನವೂ ಅದೇ ಜಗಳ. ಪೆಟ್ರೋಲ್ ಬಂಕಿನ ರಾಯ್ಸ್ ಟಟಲ್ ಮೇಜು ಗುದ್ದಿ ಹೇಳುತ್ತಾನೆ: "ಬಾವಿ ಬತ್ತಿದ್ರೆ ಟ್ಯಾಂಕರ್ ತರಿಸ್ತೀನಿ ಕಣ್ರೀ. ಶಾಲೇಲಿ ಹನ್ನೊಂದೇ ಮಕ್ಕಳು ಉಳಿದಿದಾವೆ, ಊರಿಗೆ ಕೆಲಸ ಬರದಿದ್ರೆ ಮಕ್ಕಳನ್ನ ಎಲ್ಲಿಂದ ತರಿಸ್ಲಿ?" ಅವನ ಮಾತಿನಲ್ಲೂ ನ್ಯಾಯವಿದೆ. ಆದರೆ ಈ ಜಗಳ ಏಪ್ರಿಲ್ ತಿಂಗಳಲ್ಲಿ, ಆ ಮೂವತ್ತಾರು ಕುರ್ಚಿಗಳಲ್ಲಿ, ತಮ್ಮ ಎದುರು ನಡೆಯಬೇಕಿತ್ತಲ್ಲವೇ? ತೀರ್ಮಾನವಾದ ಮೇಲೆ ಜಗಳವಾಡುವ ಊರು ಯಾವ ಊರು? ಜನ ಈಗ ಸುದ್ದಿಯನ್ನು ಫೋನಿನಲ್ಲಿ ಓದುತ್ತಾರೆ. ಆ ಸುದ್ದಿಯೆಲ್ಲ ಎಲ್ಲೋ ಇಂಥದೇ ಒಂದು ತಂಪಾದ ಕಟ್ಟಡದಲ್ಲಿ ಇರಲೇಬೇಕು. ನಮ್ಮ ಪತ್ರಿಕೆಯನ್ನು ಮುಗಿಸಿದ್ದೇ ನಮ್ಮೂರಿಗೆ ಬಂದು ನೀರು ಕೇಳುವಾಗ, ಅದು ಬರುತ್ತಿದೆ ಎಂದು ಊರಿಗೆ ತಿಳಿಸಲು ಪತ್ರಿಕೆ ಉಳಿದಿರಲಿಲ್ಲ. ನನ್ನ ಹಾಳೆ ಮಾತ್ರ ಉಳಿದಿತ್ತು, ಪತ್ರಿಕೆ ಉಳಿದಿದೆ ಎಂದು ತೋರಿಸುವುದಕ್ಕೆ.

ಆದ್ದರಿಂದ ಕೇಳುತ್ತೇನೆ. ಹದಿನಾರು ದಿನದೊಳಗೆ ಮರುವಿಚಾರಣೆಗೆ ಆದೇಶಿಸಿ, ಅದು ಮುಗಿಯುವವರೆಗೆ ಆ ಲಾರಿ ನಿಂತಲ್ಲೇ ಇರಲಿ. ಪ್ರಕಟಣೆಯನ್ನು ಜನ ಮಾತಾಡುವ ಮಾತಿನಲ್ಲಿ, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಬರೆಸಿ. ಬಾವಿಯಿರುವ ಮೂವತ್ತೊಂದು ಮನೆಗಳಿಗೂ ನಾನೇ ನಡೆದು ತಲುಪಿಸುತ್ತೇನೆ. ಬಾಗಿಲು ತಟ್ಟಿ ಮಾತಾಡಿಸಿ ಬಹಳ ದಿನವಾಗಿದೆ. ಹಾಗೆಯೇ ಬಾವುಟದ ಕೆಳಗಿನ ಆ ಮೇಜನ್ನು ತೆಗೆಸಿಬಿಡಿ. ಅದರ ಕುರ್ಚಿಯನ್ನು ಉಳಿದವುಗಳ ಸಾಲಿಗೆ ಸೇರಿಸಿ. ನಾನು ಅಲ್ಲಿ ಕೂರುತ್ತೇನೆ. ಕೈ ಎತ್ತುತ್ತೇನೆ.

ಈ ಪತ್ರ ಇಂದಿನ ಮೆಸೆಂಜರ್‌ನಲ್ಲಿ ಅಚ್ಚಾಗಿದೆ. ಮುಂದಿನ ಎರಡು ಗುರುವಾರವೂ ಅಚ್ಚಾಗುತ್ತದೆ. ಮೂರು ವಾರ ಪ್ರಕಟವಾದದ್ದನ್ನು ಸಂಬಂಧಪಟ್ಟವರೆಲ್ಲ ಓದಿದ್ದಾರೆಂದು ಕಾನೂನು ನಂಬುತ್ತದೆ. ಆ ಪ್ರಕಾರ ಎರಡು ದಿನ ಬಾಕಿ ಇರುವಾಗ ತಾವೂ ಇದನ್ನು ಓದಿರುತ್ತೀರಿ. ಗೊತ್ತಿರಲಿಲ್ಲವೆಂದು ನಾವು ಹೇಳುವಂತಿರಲಿಲ್ಲ, ಇನ್ನು ತಾವೂ ಹೇಳುವಂತಿಲ್ಲ. ದೆಲ್ಫೀನಾ ಅವರು ಈ ಸಲ ಹದಿನೈದರಲ್ಲಿ ಒಂದನ್ನು ಕೋಳಿಗಳಿಗೆ ಹಾಕದೆ ತೆಗೆದಿಡುವುದಾಗಿ ಹೇಳಿದ್ದಾರೆ. ಹಾಗಾಗಿ, ಮೂರು ವರ್ಷದ ಮೇಲೆ, ಈ ಪತ್ರಿಕೆಗೆ ಒಬ್ಬ ಓದುಗರಿದ್ದಾರೆ.

ಇಂತಿ,
ಅಂದು ಸಭೆಗೆ ಬಂದಿದ್ದ ಎಲ್ಲ ಸಾರ್ವಜನಿಕರ ಪರವಾಗಿ, ಅಂದರೆ ನನ್ನೊಬ್ಬನ ಪರವಾಗಿ,
ಆರ್ಲನ್ ಕ್ರೌಡರ್