ಎಲ್ಲರಿಗಿಂತ ಮೇಲಿನ ಹೆಸರು

೧೪ ಜುಲೈ ೧೯೯೮, ಮಂಗಳವಾರ

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪುತ್ತದೆ. ಪುಸ್ತಕವೇ, ಬೇಸರ ಮಾಡಿಕೊಳ್ಳಬೇಡ.

ನಿನ್ನೆ ನಮ್ಮ ರೇಷ್ಮೆ ಕಾರ್ಖಾನೆಯ ಕಂಪ್ಯೂಟರ್ ಪಟ್ಟಿಯಲ್ಲಿ ನನ್ನ ಹೆಸರೇ ಎಲ್ಲರಿಗಿಂತ ಮೇಲಿತ್ತು. "ನಮ್ ಉಡ್ಗಿ ಫಸ್ಟು ಕಣ್ರವ್ವಾ!" ಎಂದು ಅವ್ವ ಉಮ್ಮತ್ತೂರಿನ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಪಟ್ಟಿಯ ಕೊನೆಯಲ್ಲಿದ್ದ, ನನ್ನ ಜೊತೆ ನೂಲು ತೆಗೆಯುವ ಮೀನಾ ಅತ್ತಳು; ನಾನೇ ಸಮಾಧಾನ ಮಾಡಿದೆ.

ಇವತ್ತು ಕಂಪ್ಯೂಟರ್ ನೋಡಿಕೊಳ್ಳುವ ಶಿವಮೂರ್ತಿ ಸಾರ್ ನಕ್ಕುಬಿಟ್ಟರು. "ಅಯ್ಯೋ, ಅದು ಫಸ್ಟ್ ಬಂದೋರ ಪಟ್ಟಿ ಅಲ್ಲ ಕಣಮ್ಮಿ. ಒಂದು ಕೆಜಿ ರೇಷ್ಮೆಗೂಡಿಗೆ ಎಷ್ಟು ನೂಲು ಹಾಳಾಯ್ತು ಅಂತ ಲೆಕ್ಕ ಮಾಡಿ, ಜಾಸ್ತಿ ಹಾಳ್ ಮಾಡ್ದೋರ್ನ ಮೇಲಿಂದ ಜೋಡ್ಸ್ತದೆ ಕಂಪ್ಯೂಟರ್ರು."

ಅವ್ವನಿಗೆ ಹೇಗೆ ಹೇಳಲಿ? ಮಲಗಿದರೂ ಎದ್ದು ಕೂರುವಂತಾಗುತ್ತಿದೆ.

ಬೆಳಗ್ಗೆ ಅವಳು ಎಂದೂ ಇಲ್ಲದಂತೆ, ತಮ್ಮನಿಗೆಂದು ಇಟ್ಟಿದ್ದ ತುಪ್ಪವನ್ನು ನನ್ನ ಬುತ್ತಿಗೂ ಒಂದು ಚಮಚ ಬಿಟ್ಟಿದ್ದಳು.