ಸೊಪ್ಪಿನ ಬೀದಿಯ ಕೆಂಚಿ ಯಾರವಳು?

ಚಿಂತಾಮಣಿ, ಸೊಪ್ಪಿನ ಬೀದಿ
೨೧೯೬ನೇ ಇಸವಿ, ಫೆಬ್ರವರಿ ಮೂವತ್ತು

ಇದೇ ಬೀದಿಯಲ್ಲಿ ನೂರೆಪ್ಪತ್ತು ವರ್ಷ ಹಿಂದೆ ಅಂಗಡಿ ಇಟ್ಟುಕೊಂಡಿರುವ ಎಲ್ಲರಿಗೂ ಪಿಳ್ಳಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಪಾಪ, ಫೆಬ್ರವರಿಗೆ ಮಾತ್ರ ಯಾಕೆ ಕಡಿಮೆ ಅಂತ ನಮ್ಮ ಹಿರಿಯರು ಬೇರೆ ತಿಂಗಳುಗಳಿಂದ ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಪಿಳ್ಳಮ್ಮ ಅನ್ನುವ ಹೆಸರಿಗೂ ನಗಬೇಡಿ, ಈಗ ಅದು ಮತ್ತೆ ಫ್ಯಾಷನ್ನು. ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಕೆಲಸದಿಂದ ನಿವೃತ್ತರಾಗುವವರಿಗೆ ಜೀವಮಾನದಲ್ಲಿ ಒಂದೇ ಒಂದು ಕಾಗದ ಬರೆಯುವ ಅವಕಾಶ. ಜನ ಸಾಮಾನ್ಯವಾಗಿ ತೀರಿಹೋದ ಅಜ್ಜಿಗೆ ಬರೆಯುತ್ತಾರೆ. ನಾನು ಗುರುತಿಲ್ಲದ ನಿಮಗೆ ಒಂದು ನಾಯಿಯ ವಿಷಯ ಬರೆಯುತ್ತಿದ್ದೇನೆ. ನನ್ನ ಮಗಳು ಹಣೆ ಚಚ್ಚಿಕೊಂಡಳು.

ನಾನು ಇಪ್ಪತ್ತೊಂಬತ್ತು ವರ್ಷ ಇಲ್ಲಿಯ ಮಡಿಲಂಗಡಿ ನಡೆಸಿದವಳು. ಗಾಯಗೊಂಡ, ಯಾರೋ ಬಿಟ್ಟುಹೋದ ನಾಯಿ ಬೆಕ್ಕುಗಳನ್ನು ವಾಸಿ ಮಾಡಿ ಹೊಸ ಮನೆ ಹುಡುಕಿಕೊಡುವ ಅಂಗಡಿಗೆ ನಾವು ಹಾಗೆ ಅನ್ನುತ್ತೇವೆ. ನಿಮ್ಮ ಕಾಲದಲ್ಲಿ ಇಂಥ ಪ್ರಾಣಿಗಳನ್ನು ಊರಾಚೆ ಎಲ್ಲೋ ಇಡುತ್ತಿದ್ದರಂತೆ. ಬೇಕಾದವರು ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಗೇಟಿನಲ್ಲಿ ಕಾಯಬೇಕಿತ್ತಂತೆ. ಯಾರು ಹೋಗುತ್ತಾರೆ ಹೇಳಿ? ಈಗ ಪೇಟೆಯಲ್ಲಿ ಪ್ರತಿ ಇಪ್ಪತ್ತು ಅಂಗಡಿಗೆ ಒಂದು ಮಡಿಲಂಗಡಿ ಇರಲೇಬೇಕು. ನಮ್ಮದು ಚಲಪತಿಯ ಬೇಕರಿಗೂ ದೊರೆಸ್ವಾಮಿಯ ಟೈಲರ್ ಅಂಗಡಿಗೂ ನಡುವೆ. ಕೊತ್ತಂಬರಿ ಕೊಳ್ಳಲು ಬಂದವರು ಕಾಲು ನೋವೆಂದು ನಮ್ಮ ಜಗಲಿಯಲ್ಲಿ ಕೂರುತ್ತಾರೆ, ಒಂದು ಮರಿ ಬಂದು ಮಡಿಲೇರುತ್ತದೆ, ಅಲ್ಲಿಗೆ ಅವರ ಕಥೆ ಮುಗಿಯಿತು. ಕೂಡಲೇ ಒಪ್ಪದವರಿಗೆ ಜೊತೆಸಂಜೆ ಅಂತ ಒಂದು ಏರ್ಪಾಡಿದೆ. ಸಾಮಾನಿನ ಚೀಲದ ಜೊತೆ ಪ್ರಾಣಿಯನ್ನೂ ಸಂಜೆ ಮನೆಗೆ ಕರೆದುಕೊಂಡು ಹೋಗಿ, ಬೆಳಿಗ್ಗೆ ತಂದು ಬಿಡಬಹುದು. ಮನಸ್ಸು ಕೂಡಿದರೆ ಕೊರಳಪಟ್ಟಿಯ ಮೇಲೆ ತಮ್ಮ ಹೆಸರು ಬರೆಸಿದರಾಯಿತು, ಅದು ಅವರದು. ಜಂಬ ಅಂದುಕೊಳ್ಳಬೇಡಿ, ನನ್ನ ಕೈಯಿಂದ ನಾನೂರಕ್ಕೂ ಹೆಚ್ಚು ಜೀವಗಳು ಮನೆ ಸೇರಿವೆ. ಒಂಟಿಕಾಲಿನ ಬಾತುಕೋಳಿಯನ್ನು ಒಬ್ಬ ಗಣಿತದ ಮೇಷ್ಟ್ರಿಗೆ ಒಪ್ಪಿಸಿದ್ದೇನೆ. ಈಗಲೂ ಅವರು ದಾರಿಯಲ್ಲಿ ಸಿಕ್ಕರೆ ಹೆಂಡತಿಯ ವಿಷಯಕ್ಕಿಂತ ಮೊದಲು ಅದರ ಯೋಗಕ್ಷೇಮ ಹೇಳುತ್ತಾರೆ.

ಇಷ್ಟೆಲ್ಲ ಬುದ್ಧಿವಂತರಾದ ನಾವು ಕೆಂಚಿಯ ವಿಷಯದಲ್ಲಿ ಬೇಸ್ತು ಬಿದ್ದೆವು.

ಕೆಂಚಿ ಹನ್ನೊಂದು ವರ್ಷದ ಹೆಣ್ಣುನಾಯಿ. ಅರ್ಧ ಹಲ್ಲಿಲ್ಲ, ಕಿಡ್ನಿ ಸರಿಯಿಲ್ಲ, ದಿನಕ್ಕೆರಡು ಸಲ ಔಷಧಿ. ಹೋದ ವರ್ಷ ಬಂದವಳನ್ನು ಒಂದು ಸಂಜೆ ಚಲಪತಿ ಕರೆದೊಯ್ದ, ಇನ್ನೊಂದು ಸಂಜೆ ಹೂ ಮಾರುವ ಗಂಗುಲಮ್ಮ, ಮತ್ತೊಂದು ಸಂಜೆ ದೊರೆಸ್ವಾಮಿ. ಅಂಗಡಿಯಲ್ಲಿ ನೂಲು ಬಿದ್ದರೂ ಸಿಡುಕುವ ಆ ದೊರೆಸ್ವಾಮಿ, ಅವಳಿಗೆ ಚಳಿಯಾಗುತ್ತದೆಂದು ತುಂಡು ಬಟ್ಟೆ ಸೇರಿಸಿ ಕತ್ತಿನವರೆಗೆ ಅಂಗಿ ಹೊಲಿದ. ಅವಳು ಬೇಕರಿಯಲ್ಲಿ ರಸ್ಕು, ಗಂಗುಲಮ್ಮನ ಮನೆಯಲ್ಲಿ ಸೇವಂತಿ, ನನಗೆ ಕೆಂಚಿ. ಎಲ್ಲ ಹೆಸರಿಗೂ ಬಾಲ ಆಡಿಸುತ್ತಿದ್ದಳು ಕಳ್ಳಿ. ಅವಳು ದೊರೆಸ್ವಾಮಿಯ ನಾಯಿ ಅಂತ ಚಲಪತಿ ಅಂದುಕೊಂಡ. ಗಂಗುಲಮ್ಮನದು ಅಂತ ದೊರೆಸ್ವಾಮಿ, ಪಿಳ್ಳಕ್ಕನದು ಅಂತ ಗಂಗುಲಮ್ಮ. ನಾನೋ, ಚಲಪತಿ ಹೆಸರು ಬರೆಸಿರುತ್ತಾನೆ ಅಂತ ನೆಮ್ಮದಿಯಾಗಿದ್ದೆ. ಕೊರಳಪಟ್ಟಿ ಅಂಗಿಯೊಳಗೆ ಮುಚ್ಚಿಹೋಗಿತ್ತು, ಒಬ್ಬರೂ ಎತ್ತಿ ನೋಡಲಿಲ್ಲ.

ಹೋದ ಸೋಮವಾರ ವರ್ಷದ ಗಣತಿಗೆ ತೇಜೋವತಿ ಅನ್ನುವ ಅಧಿಕಾರಿ ಬಂದಳು. ಇವಳು ಯಾರವಳು ಅಂತ ಕೇಳಿದಳು. ನಾಲ್ಕು ಜನರ ಬೆರಳು ನಾಲ್ಕು ಕಡೆಗೆ ಹೋಯಿತು. ಅವಳು ಅಂಗಿಯ ಕತ್ತು ಸರಿಸಿ ನೋಡಿದರೆ ಪಟ್ಟಿ ಖಾಲಿ! ನಾವು ನಕ್ಕೆವು. ಅವಳು ನಗಲಿಲ್ಲ. ವರ್ಷ ತುಂಬಿದರೂ ಹೆಸರಿಲ್ಲದ ಪ್ರಾಣಿಯನ್ನು ಬೆಟ್ಟದಾಚೆಯ ದೊಡ್ಡಾಶ್ರಯಕ್ಕೆ ಕಳಿಸಬೇಕು, ಐದು ಗಂಟೆಗೆ ಗಾಡಿ ಬರುತ್ತದೆ ಅಂದಳು. ಯಾರೂ ಒಯ್ಯದ ಪ್ರಾಣಿಗಳನ್ನು ಒಟ್ಟಿಗೆ ಸಾಕುವ ಆ ಜಾಗದಲ್ಲಿ ಊಟಕ್ಕೆ, ಔಷಧಿಗೆ ಕೊರತೆಯಿಲ್ಲ. ಆದರೆ ಗುರುತಿನವರು ಕೈಯಾರೆ ಇಡದಿದ್ದರೆ ಕೆಂಚಿ ಬಟ್ಟಲಿಗೆ ಬಾಯಿಡುವುದಿಲ್ಲ. ಅಲ್ಲಿಗೆ ಹೋದರೆ ಅವಳು ಉಳಿಯುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು.

ಆಗ ಶುರುವಾದವು ನೋಡಿ ನೆಪಗಳು. ಚಲಪತಿಗೆ ಮಗಳ ಬಾಣಂತನ. ಗಂಗುಲಮ್ಮನದು ಮೂರನೇ ಮಹಡಿ, ಮುದಿನಾಯಿ ದಿನಾ ಹೇಗೆ ಹತ್ತೀತು? ದೊರೆಸ್ವಾಮಿ ಸೂಜಿಯಡಿ ಬಟ್ಟೆಯೇ ಇಲ್ಲದ ಹೊಲಿಗೆ ಮಿಷನ್ ತುಳಿಯುತ್ತ ಕೂತ. ನಾನು, ಮಡಿಲಂಗಡಿಯವಳು ತನಗೇ ಇಟ್ಟುಕೊಳ್ಳಬಾರದು ಅಂದೆ. ಹಸಿ ಸುಳ್ಳು. ಅಂಥ ನಿಯಮವೇ ಇಲ್ಲ. ನನಗೆ ಭಯ, ಅಷ್ಟೇ. ಎಂಟು ವರ್ಷದವಳಿದ್ದಾಗ ನನ್ನ ಬೆಕ್ಕು ಸತ್ತು ಹದಿನೈದು ದಿನ ಊಟ ಸೇರಿರಲಿಲ್ಲ. ಇನ್ನು ಈ ಸಂಕಟ ಬೇಡ ಅಂತ ಅವತ್ತೇ ತೀರ್ಮಾನಿಸಿದ್ದೆ. ಅದಕ್ಕೇ ಇಷ್ಟು ವರ್ಷ ಎಲ್ಲವನ್ನೂ ಬೇರೆಯವರ ಮಡಿಲಿಗೆ ಹಾಕಿ ಕೈ ತೊಳೆದುಕೊಂಡೆ.

ಐದಕ್ಕೆ ಗಾಡಿ ಬಂತು. ಕೆಂಚಿಯನ್ನು ಎಳೆಯಬೇಕಾಗಲಿಲ್ಲ. ಇವತ್ತಿನ ಜೊತೆಸಂಜೆ ಇದೇ ಅಂದುಕೊಂಡು ತಾನೇ ಹತ್ತಿ ಕೂತಳು, ಬಾಲ ಆಡಿಸುತ್ತ ನಮ್ಮಲ್ಲಿ ಯಾರು ಜೊತೆಗೆ ಬರುತ್ತಾರೆ ಅಂತ ಒಬ್ಬೊಬ್ಬರ ಮುಖ ನೋಡಿದಳು. ನಾನು ಹೋಗಿ ಗಾಡಿಯ ಬಾಗಿಲಿಗೆ ಕೈ ಅಡ್ಡ ಹಿಡಿದೆ.

"ಇಳಿಸಮ್ಮ ಅವಳನ್ನ. ನನ್ನ ಹೆಸರು ಬರಿ," ಅಂದೆ.

ತೇಜೋವತಿ ಕಣ್ಣೊರೆಸಿಕೊಂಡು ಬರೆದಳು. ಕೆಂಚಿ ಈಗಲೂ ಸಂಜೆಯಾದರೆ ಬೇಕರಿಗೆ ಹೋಗುತ್ತಾಳೆ, ಟೈಲರ್ ಅಂಗಡಿಗೂ ಹೋಗುತ್ತಾಳೆ. ನಾನು ಬೇಡ ಅನ್ನುವುದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ನಿರಾಶ್ರಿತ ಮರಿಗಳನ್ನು ಎತ್ತಿಕೊಂಡು ಯಾರಾದರೂ ಬಂದು ನಿಮ್ಮ ಅಂಗಡಿ ಮುಂದೆ ಭಾನುವಾರ ನಾಲ್ಕಡಿ ಜಾಗ ಕೇಳಿದರೆ, ಗಿರಾಕಿಗಳಿಗೆ ಅಡ್ಡ ಅನ್ನಬೇಡಿ. ನಮ್ಮ ಮಡಿಲಂಗಡಿಗಳು ಹುಟ್ಟಿದ್ದು ಅಂಥ ಜಾಗದಲ್ಲೇ. ಇನ್ನೊಂದು, ನಿಮ್ಮ ಬೀದಿಯಲ್ಲೂ ಎಲ್ಲರೂ ಬನ್ನು ಹಾಕುವ ನಾಯಿ ಒಂದಿರುತ್ತದೆ. ಅದು ಯಾರದು ಅಂತ ಇವತ್ತೇ ಕೇಳಿ. ಎಲ್ಲರೂ ಎದುರಂಗಡಿ ತೋರಿಸಿದರೆ ನೀವು ನನ್ನಷ್ಟು ತಡ ಮಾಡಬೇಡಿ.

ಡಾಕ್ಟರು ಇನ್ನೊಂದು ವರ್ಷ ಅನ್ನುತ್ತಾರೆ, ಹೆಚ್ಚೆಂದರೆ ಎರಡು. ಅವಳು ಹೋದ ದಿನ ಬೀದಿಗೆಲ್ಲ ಕೇಳುವ ಹಾಗೆ ಅಳುತ್ತೇನೆ, ನನಗೇನೂ ನಾಚಿಕೆಯಿಲ್ಲ. ಈಗ ಬರೆಯುವುದು ನಿಲ್ಲಿಸಬೇಕು. ಅವಳ ಔಷಧಿಯ ಹೊತ್ತಾಯಿತು. ಯಾರಾದರೂ ಕೊಟ್ಟಿರುತ್ತಾರೆ ಅನ್ನುವಂತಿಲ್ಲ, ನಾನೇ ಏಳಬೇಕು.

ಇಂತಿ,
ಪಿಳ್ಳಮ್ಮ