ಕಳಸದ ಮನೆಯ ಸೂತಕ

ಅಪ್ಪ,

ನಿನ್ನೆ ಕಳಸದ ಪರಮೇಶ್ವರಯ್ಯನವರ ಮನೆಗೆ ಹೋಗಿದ್ದೆ. ನೀವಿದ್ದಿದ್ದರೆ ಬೈಯುತ್ತಿದ್ದಿರಿ. ಘಟ್ಟ ಹತ್ತಿ ಬಂದು ಇಲ್ಲಿ ಮೊದಲು ತೋಟ ಮಾಡಿದ ಮನೆತನಗಳ ವಂಶವೃಕ್ಷ ಬರೆಯುತ್ತಿದ್ದೇನಲ್ಲ, ಅದರಲ್ಲಿ ಅವರ ಕೊಂಬೆಯೊಂದು ಎಲ್ಲಿಗೂ ಸೇರುತ್ತಿರಲಿಲ್ಲ. ಕೇಳಿದಾಗಲೆಲ್ಲ ನೀವು, "ಅವ್ರು ನಮಗೇನೂ ಆಗ್ಬೇಕಾಗಿಲ್ಲ" ಎಂದು ಎದ್ದು ಹೋಗುತ್ತಿದ್ದಿರಿ.

ಅವರ ಹೆಂಡತಿ ಅಂಬುಜಮ್ಮ ಕಾಫಿ ಕೊಟ್ಟು ಹೇಳಿದರು: "ನಿಮ್ಮ ಮುತ್ತಜ್ಜ, ನಮ್ಮ ಮಾವನ ಅಪ್ಪ ಅಣ್ಣ ತಮ್ಮಂದ್ರು ಮಾರಾಯ. ತೋಟದ ಬೇಲಿ ಜಗಳದಲ್ಲಿ ಮಾತು ಬಿಟ್ರು. ನಿಮ್ಮಪ್ಪ ಹೋದಾಗ ನಾವೂ ಹತ್ತು ದಿನ ಸೂತಕ ಹಿಡಿದ್ವಿ, ದೇವರ ದೀಪ ಹಚ್ಚಲಿಲ್ಲ."

ಹಾಗೆಂದವರೇ ಕೇಳಿದರು: "ನಮ್ಮನೆಯವ್ರು ಹೋದಾಗ ನಿಮ್ಮಲ್ಲಿ?"

"ಇಲ್ಲ" ಎಂದುಬಿಟ್ಟೆ. ನನಗೆ ಗೊತ್ತಿದ್ದದ್ದೇ ಅಷ್ಟು. ಅವರು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ವಾಪಸು ಬರುವಾಗ ಬಣಕಲ್ಲಿನಲ್ಲಿ ಬಸ್ಸು ನಿಂತಿತ್ತು. ಆಗ ನೆನಪಾಯಿತು. ಪರಮೇಶ್ವರಯ್ಯನವರು ತೀರಿಕೊಂಡ ಸುದ್ದಿ ಬಂದ ದಿನವೇ ನಿಮಗೆ ಮಂಡಿನೋವು ಶುರುವಾಗಿತ್ತು. ಕೂರಲು ಆಗುವುದಿಲ್ಲವೆಂದು ದೇವರ ಪೂಜೆಯನ್ನು ಪಕ್ಕದ ಮನೆಯ ನಿರಂಜನನಿಂದ ಮಾಡಿಸಿದಿರಿ. ತೋಟಕ್ಕೆ ಮಾತ್ರ ದಿನವೂ ನಡೆದೇ ಹೋಗುತ್ತಿದ್ದಿರಿ. ನಾನು ಎಣ್ಣೆ ಬಿಸಿ ಮಾಡಿ ತಂದರೆ, ಹಚ್ಚಗೊಡದೆ ಕಾಲು ಎಳೆದುಕೊಂಡಿರಿ. ನನಗೆ ಸಿಟ್ಟು ಬಂದು ಬಟ್ಟಲನ್ನು ಅಲ್ಲೇ ಕುಕ್ಕಿ ಹೋಗಿದ್ದೆ.

ಸೂತಕದಲ್ಲಿ ಮೈಗೆ ಎಣ್ಣೆ ತಾಗಿಸಬಾರದು ಎಂದು, ಅಜ್ಜ ಹೋದಾಗ ನನಗೆ ಹೇಳಿಕೊಟ್ಟವರು ನೀವೇ.